ದಾರದ ಮೂರನೇ ಗಂಟು

ಹೋದ ತಿಂಗಳು ಹರಪನಹಳ್ಳಿಯ ಐ.ಟಿ.ಐ. ಮೇಷ್ಟ್ರೊಬ್ಬರು ಮನೆ ಹುಡುಕಿಕೊಂಡು ಬಂದರು. "ಕೊಟ್ರಪ್ಪ ಮೇಸ್ತ್ರಿ, ಜೀವಮಾನಾ ಎಲ್ಲಾ ಗ್ಯಾರೇಜಿನಾಗ ಕಳದೀರಿ. ನಮ್ಮ ಮಕ್ಕಳಿಗೆ ನಾಕು ಒಳ್ಳೆ ಮಾತು ಹೇಳ್ರಿ" ಎಂದರು. ಹೋದೆ. ಶಾಲು ಹೊದಿಸಿದರು, ಬಾಳೆಹಣ್ಣು ಕೊಟ್ಟರು, ಮೈಕು ಮುಂದೆ ನಿಲ್ಲಿಸಿದರು. ನಾನೂ ಎಲ್ಲರಂತೆ ಹೇಳಿದೆ: ಕಸುಬಿನಲ್ಲಿ ನಿಯತ್ತು ಇರಬೇಕು, ಗಾಡಿಯನ್ನು ಮನೆಯ ದನದಂತೆ ನೋಡಿಕೊಳ್ಳಬೇಕು, ಇತ್ಯಾದಿ ಹಾಳುಮೂಳು. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ನೀವು ಮಾಡಿದ ದೊಡ್ಡ ತಪ್ಪು ಯಾವುದ್ರಿ?"

"ಈ ಕಸುಬಿಗೆ ಬಂದದ್ದೇ ತಂಗಿ" ಅಂದೆ. ಎಲ್ಲರೂ ನಕ್ಕರು. ಅವಳು ಮಾತ್ರ ನಗದೆ, ಉತ್ತರ ಇನ್ನೂ ಬಂದಿಲ್ಲವೆಂಬಂತೆ ಸ್ವಲ್ಪ ಹೊತ್ತು ನಿಂತಿದ್ದು ಕೂತಳು. ನನಗೆ ಸಿಟ್ಟು ಬಂತು. ಮನೆಗೆ ಬಂದು ಶಾಲನ್ನು ಮೂಲೆಗೆ ಒಗೆದ ಮೇಲೂ ಹೋಗಲಿಲ್ಲ ಆ ಸಿಟ್ಟು. ಅವಳ ಮೇಲಿನದಲ್ಲ ಅದು ಅಂತ ತಿಳಿಯಲು ಎರಡು ದಿನ ಬೇಕಾಯಿತು. ಈ ಬರಹ ಆ ಹುಡುಗಿಗೆ. ಉಳಿದವರು ಓದಿದರೆ ಓದಲಿ, ಬಿಟ್ಟರೆ ಬಿಡಲಿ.

ಮೊದಲು ಕಸುಬಿನ ಮಾತು. ಇದನ್ನು ಕೈಯ ಕೆಲಸ ಅನ್ನುತ್ತಾರೆ. ಅಲ್ಲ, ಬೆನ್ನಿನ ಕೆಲಸ. ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದವನ ಕಣ್ಣಿಗೆ ತುಕ್ಕು ಬೀಳುತ್ತದೆ, ಬಾಯಿಗೆ ಗ್ರೀಸು ಬೀಳುತ್ತದೆ. ಮೇಲೆ ನಿಂತ ಮಾಲೀಕ "ಆಯ್ತೇನಪಾ?" ಅಂತ ಐದು ನಿಮಿಷಕ್ಕೊಮ್ಮೆ ಕೇಳುತ್ತಾನೆ. ಕೆಲಸ ಸರಿಯಾದರೆ ಗಾಡಿ ಚೆನ್ನಾಗಿದೆ ಅನ್ನುತ್ತಾರೆ, ಕೆಟ್ಟರೆ ಮೇಸ್ತ್ರಿ ಸರಿಯಿಲ್ಲ ಅನ್ನುತ್ತಾರೆ. ಇಷ್ಟು ಗೊತ್ತಿದ್ದೂ ಬರುವುದಾದರೆ ಬಾ.

ನಾನು ಕಲಿತದ್ದು ಕೊಟ್ಟೂರಿನಲ್ಲಿ, ಬಾಬುಸಾಬ್ ಉಸ್ತಾದರ ಕೈಕೆಳಗೆ. ಅವರು ಕಮಾನು ಮತ್ತು ಶಾಕ್ ಬಿಟ್ಟರೆ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಾಡಿಯ ಭಾರ ಹೊರುವುದು ಕಮಾನು ಪಟ್ಟಿ. ಶಾಕ್ ಭಾರ ಹೊರುವುದಿಲ್ಲ, ಕಮಾನು ತಕತಕ ಕುಣಿಯದಂತೆ ಹಿಡಿದುಕೊಳ್ಳುತ್ತದೆ ಅಷ್ಟೆ. ಕೊಳವೆಯೊಳಗೆ ಕೊಳವೆ, ನಡುವೆ ಎಣ್ಣೆ. ಅದಕ್ಕೆ ಹಿಗ್ಗಲೂ ಜಾಗ ಬೇಕು, ಕುಗ್ಗಲೂ ಜಾಗ ಬೇಕು. ಕುಗ್ಗಲು ಜಾಗ ಸಾಲದಿದ್ದರೆ ಆ ಶಾಕ್ ಶಾಕೇ ಅಲ್ಲ, ಕಬ್ಬಿಣದ ಗೂಟ. ಗುಂಡಿಗೆ ಬಿದ್ದಾಗ ಇಡೀ ಗಾಡಿಯ ಪೆಟ್ಟು ಆ ಗೂಟದ ಮೇಲೆ ಬೀಳುತ್ತದೆ. ಗೂಟ ಮುರಿಯಬೇಕು, ಇಲ್ಲವೇ ಅದನ್ನು ಹಿಡಿದ ಬ್ರಾಕೆಟ್ ಕಿತ್ತು ಬರಬೇಕು.

ಉಸ್ತಾದರ ಹತ್ತಿರ ಟೇಪು ಇರಲಿಲ್ಲ. ಒಂದು ದಾರ ಇತ್ತು. ಶಾಕ್ ಕೂರುವ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಅದನ್ನು ಹಿಡಿದು ಮೂರು ಸಲ ಗಂಟು ಹಾಕುವರು. ಗಾಡಿ ಖಾಲಿ ನಿಂತಾಗ ಒಂದು. ಜಾಕ್ ಎತ್ತಿ ಗಾಲಿ ಜೋತು ಬಿದ್ದಾಗ ಒಂದು. ತುಂಬು ಭಾರ ಹೇರಿ ಕಮಾನು ಪೂರ್ತಿ ತಗ್ಗಿದಾಗ ಒಂದು. ಆ ಮೂರನೇ ಗಂಟಿಗಾಗಿ ಅವರು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಗಾಡಿ ಹತ್ತಿಸುತ್ತಿದ್ದರು. ಒಳ್ಳೆಯ ದಿನವಾದರೆ ಹತ್ತು ಹನ್ನೆರಡು ಜನ ಹತ್ತಿ ಕೂತು ಹರಟೆ ಹೊಡೆಯುವರು, ಉಸ್ತಾದರು ಕೆಳಗೆ ಮಲಗಿ ದಾರ ಹಿಡಿಯುವರು. "ಒತ್ತಿದಾಗ ಶಾಕ್ ಈ ಗಂಟಿಗಿಂತ ಗಿಡ್ಡ ಆಗಬೇಕು ನೋಡಪಾ. ಮೊದಲ್ನೇ ಎರಡು ಗಂಟು ತಪ್ಪಿದ್ರ ಗಿರಾಕಿ ಬೈತಾನ. ಮೂರನೇದು ತಪ್ಪಿದ್ರ ಗಿರಾಕಿನೇ ಇರಾಂಗಿಲ್ಲ."

ತೊಂಬತ್ತರ ದಶಕದ ಶುರುವಿನಲ್ಲಿ ಒಮ್ಮೆ ಕುರಿ ಸಾಗಿಸುವ ಟೆಂಪೋ ಒಂದಕ್ಕೆ ಅವರನ್ನು ಕೇಳದೆ ಉದ್ದದ ಶಾಕ್ ಹಾಕಿಬಿಟ್ಟೆ. ಉಸ್ತಾದರು ಬೈಯಲಿಲ್ಲ. ನನ್ನನ್ನು ಕುರಿಗಳ ನಡುವೆ ಕೂರಿಸಿ, "ಕೂಡ್ಲಿಗಿಗೆ ಹೋಗಿ ಬಾ" ಅಂದರು. ಹೋಗಿ ಬರುವಷ್ಟರಲ್ಲಿ ನನ್ನ ಹಲ್ಲು ಹಲ್ಲಿಗೆ ಬಡಿದು ನಾಲಿಗೆ ಕಚ್ಚಿಹೋಗಿತ್ತು, ಪ್ಯಾಂಟಿನ ತುಂಬ ಕುರಿಹಿಕ್ಕೆ. ಟೆಂಪೋ ಓಡಿಸುತ್ತಿದ್ದವನು ಹಿಂದೆ ತಿರುಗಿ ತಿರುಗಿ ನೋಡಿ ನಗುತ್ತಿದ್ದ. "ಏನಣ್ಣ, ಹೆಂಗೈತಿ ನಿನ್ನ ಶಾಕ್? ಕುರಿಗಳು ನಿನಗ ಶಾಪ ಹಾಕಾಕ ಹತ್ಯಾವ ನೋಡು!"

ಅವನೇ ದುರುಗಪ್ಪ. ಕೂಡ್ಲಿಗಿ ಕಡೆಯ ಕುರಿಗಾರರ ಮನೆಯವನು. ನನಗಿಂತ ಐದಾರು ವರ್ಷ ಚಿಕ್ಕವನು. ಆವತ್ತಿನಿಂದ ನಾವು ಗೆಳೆಯರು. ಅವನ ಅಪ್ಪ ಕುಡಿದು ಕುಡಿದೇ ಸತ್ತಿದ್ದ. ಮಣ್ಣು ಮಾಡಿ ಬಂದ ದಿನ ತಾಯಿ ಹೊನ್ನಮ್ಮ ಮಗನ ಕೈಗೆ ಅಮ್ಮನವರ ಭಂಡಾರದ ಅರಿಶಿನ ಕೊಟ್ಟು ಆಣೆ ಮಾಡಿಸಿದ್ದಳಂತೆ, ಒಂದು ಹನಿ ಮುಟ್ಟುವುದಿಲ್ಲ ಅಂತ. ಡ್ರೈವರ್ ಕೆಲಸದಲ್ಲಿದ್ದೂ ಅವನು ಮುಟ್ಟಲಿಲ್ಲ. ಜೊತೆಯವರು ಗೇಲಿ ಮಾಡಿದರೆ, "ನನ್ನ ಪಾಲಿಂದು ನಮ್ಮಪ್ಪನೇ ಕುಡದು ಹೋಗ್ಯಾನ, ನನಗೇನೂ ಉಳಿಸಿಲ್ಲ" ಅನ್ನುತ್ತಿದ್ದ.

ಉಸ್ತಾದರು ತೀರಿಕೊಂಡ ಮೇಲೆ ಅವರ ದಾರ ನನ್ನ ಪಾಲಿಗೆ ಬಂತು. ಹರಪನಹಳ್ಳಿಗೆ ಬಂದು ರುದ್ರಪ್ಪ ಎಂಬವರ ಗ್ಯಾರೇಜ್ ಸೇರಿದೆ. ನಾಲ್ಕು ವರ್ಷಗಳಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿಯಿಂದಲೂ ಗಾಡಿ ಬರತೊಡಗಿದವು. ಜನ ನನ್ನನ್ನು ದಾರದ ಕೊಟ್ರಪ್ಪ ಅನ್ನುತ್ತಿದ್ದರು. ಆ ಹೆಸರಿನ ಸೊಕ್ಕು ನನಗೆ ಇತ್ತು. ಇಲ್ಲವೆಂದು ಸುಳ್ಳು ಯಾಕೆ ಹೇಳಲಿ? ದುರುಗಪ್ಪನೂ ಹರಪನಹಳ್ಳಿಗೇ ಬಂದಿದ್ದ, ಮೆಕ್ಕೆಜೋಳದ ವ್ಯಾಪಾರದ ಒಬ್ಬ ಸಾಹುಕಾರರ ಡ್ರೈವರಾಗಿ. ಅಲ್ಲಿ ಅವನನ್ನು ಸೇರಿಸಿದವನೂ ನಾನೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಸೀಮೆಯಲ್ಲಿ ಅದಿರಿನ ದುಡ್ಡು ಹರಿದಾಡತೊಡಗಿತು. ಅದಿರಿಗೂ ತಮಗೂ ಸಂಬಂಧವಿಲ್ಲದವರಿಗೂ ಅದರ ಗಾಳಿ ಬಡಿಯಿತು. ಸಾಹುಕಾರರ ಮಗ ಸಂಗಮೇಶ ಎಲ್ಲೋ ಶೋಕಿಗೆ ಎತ್ತರ ತಗ್ಗಿಸಿದ ಹಳೇ ಗಾಡಿಗಳನ್ನು ನೋಡಿ ಬಂದಿದ್ದ. ಅವರ ಮನೆಯ ಹಿಂದೆ ತಾತನ ಕಾಲದ ಪೆಟ್ರೋಲ್ ಪಿಕಪ್ ಒಂದು ನಿಂತಿತ್ತು. ಗುಂಡು ಮೂತಿ, ದೊಡ್ಡ ಕಣ್ಣಿನಂಥ ಲೈಟು, ಹಿಂದೆ ಮರದ ಹಲಗೆಯ ತೊಟ್ಟಿ. ಹರಪನಹಳ್ಳಿಗೆ ಬಂದ ಮೊದಲ ಪಿಕಪ್ ಅದೇ ಅನ್ನುತ್ತಿದ್ದರು. ಸಂಗಮೇಶನ ಮದುವೆ ಹೊಳಲಿನ ಹುಡುಗಿಯ ಜೊತೆ ಗೊತ್ತಾಗಿತ್ತು. ಬೀಗರ ಊರಿನೊಳಗೆ ಅದರಲ್ಲೇ ಮೆರೆಯಬೇಕೆಂದು ಅವನಿಗೆ ಹಟ.

"ಮೇಸ್ತ್ರಿ, ಮುಂದ ಪೂರಾ ತಗ್ಗಬೇಕು. ನೋಡಿದವರು ಗಾಡಿ ನೆಲಕ್ಕ ಹತ್ತಿ ಕುಂತೈತಿ ಅನ್ನಬೇಕು."

"ಆ ಗಾಡಿ ಜೋಳದ ಚೀಲ ಹೊರಾಕ ಹುಟ್ಟೇತಿ ಸಂಗಣ್ಣ. ಅದನ್ನ ಯಾಕ ಕುಂದ್ರಸ್ತೀರಿ?" ಅಂದೆ. ರುದ್ರಪ್ಪ ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ಮಾಲೀಕರು ಅಂಗಿ ಜಗ್ಗಿದರೆ ಮಾತು ನಿಲ್ಲಿಸಬೇಕು.

ಪಟ್ಟಿ ಕಡಿಮೆ ಮಾಡಿ, ಉಳಿದವುಗಳ ಬಾಗನ್ನು ಕುಲುಮೆಯಲ್ಲಿ ತಗ್ಗಿಸಿ, ಕಮಾನಿನ ಮೇಲಿನ ರಬ್ಬರ್ ಗುಂಡನ್ನು ಅರ್ಧ ಕೊಯ್ದು, ಮುಂಭಾಗವನ್ನು ಮೂರಿಂಚು ಇಳಿಸಿದೆ. ಹಳೇ ಶಾಕ್ ಎಣ್ಣೆ ಕಕ್ಕಿ ಸತ್ತಿದ್ದವು, ಇದ್ದರೂ ಈ ಎತ್ತರಕ್ಕೆ ಆಗುತ್ತಿರಲಿಲ್ಲ. ಈಗ ಗಂಟು ಹಾಕಬೇಕು. ನಿಂತಾಗಿನದು ಹಾಕಿದೆ. ಜಾಕ್ ಎತ್ತಿ ಎರಡನೆಯದನ್ನೂ ಹಾಕಿದೆ. ಮೂರನೆಯದಕ್ಕೆ ಜನ ಹತ್ತಿಸೋಣವೆಂದು ನೋಡಿದರೆ, ಪೇಂಟರ್ ಆಗಲೇ ಕೆಂಪು ಬಣ್ಣ ಬಳಿದು ಮುಗಿಸಿದ್ದ. "ಹಸಿ ಐತಿ! ಯಾವನರ ಮುಟ್ಟಿದ್ರ ಕೈ ಮುರಿತೀನಿ!" ಅಂತ ಕೋಲು ಹಿಡಿದು ಕೂತಿದ್ದ ಪುಣ್ಯಾತ್ಮ. ಒಣಗಲು ಎರಡು ದಿನ. ಮದುವೆಗೆ ಇದ್ದದ್ದು ಮೂರು ದಿನ. ನಾನು ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕಣ್ಣಳತೆ ನೋಡಿ, ಅಂದಾಜಿನ ಮೇಲೆ ಮೂರನೇ ಗಂಟು ಹಾಕಿದೆ.

ದಾರ ಜೇಬಿನಲ್ಲಿಟ್ಟುಕೊಂಡು ದಾವಣಗೆರೆಗೆ ಹೋದೆ. ಅಂಗಡಿಯವನು ಎರಡು ಜೊತೆ ತೋರಿಸಿದ. ಒಂದು ಗಿಡ್ಡ, ಕಪ್ಪು. ಅದನ್ನು ಕೂರಿಸಲು ಲೇತಿನಲ್ಲಿ ಬೋಲ್ಟಿಗೆ ಹೊಂದುವ ಹೊಸ ಬುಷ್ ಮಾಡಿಸಬೇಕಿತ್ತು, ಇನ್ನೊಂದು ದಿನದ ಕೆಲಸ. ಇನ್ನೊಂದು ಜೀಪಿನದು, ಬೋಲ್ಟಿಗೆ ಬೋಲ್ಟು ಸರಿಯಾಗಿ ಕೂರುತ್ತಿತ್ತು. ದಾರ ಹಿಡಿದೆ. ಮೊದಲ ಎರಡು ಗಂಟಿಗೆ ಜೀಪಿನದು ಸರಿಬಂತು. ಮೂರನೆಯದಕ್ಕೂ ಬೆರಳಗಲದಲ್ಲಿ ಪಾಸಾಯಿತು. ಆಗದೆ ಏನು? ಆ ಗಂಟು ಹಾಕಿದವನೂ ನಾನೇ, ಪಾಸು ಮಾಡಿದವನೂ ನಾನೇ.

ದಿಬ್ಬಣ ಹೊರಡುವ ಬೆಳಿಗ್ಗೆ ಗ್ಯಾರೇಜಿನ ಮುಂದೆಯೇ ಗಾಡಿಪೂಜೆ. ಅಯ್ಯನೋರು ಬಂದು ವಿಭೂತಿ ಹಚ್ಚಿದರು, ಕಾಯಿ ಒಡೆದರು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟರು. ನಮ್ಮ ಕಡೆ ಒಂದು ರೂಢಿ. ನಿಂಬೆಹಣ್ಣು ತುಳಿಸಿದ ಮೇಲೆ ಗಾಡಿ ಹೋಗಿ ಮನೆಬಾಗಿಲಿಗೆ ವಾಪಸ್ ಬರುವ ತನಕ ಅದಕ್ಕೆ ಜಾಕ್ ಹಚ್ಚಬಾರದು, ನಟ್ಟಿಗೆ ಪಾನಾ ತಾಗಿಸಬಾರದು. ಮದುವೆ ಗಾಡಿಯಾದರಂತೂ ಕೇಳುವುದೇ ಬೇಡ. ಹಾಗಾಗಿ ನಾವು ಪೂಜೆಗೆ ಮೊದಲೇ ಭಾರ ಹೇರಿ ಓಡಿಸಿ ನೋಡುತ್ತೇವೆ. ಆವತ್ತು ಬಣ್ಣ ಒಣಗುವುದಕ್ಕೂ ಅಯ್ಯನೋರು ಬರುವುದಕ್ಕೂ ಸರಿಹೋಗಿತ್ತು.

ದುರುಗಪ್ಪ ಹೊಸ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದಿದ್ದ. ವರನ ಗೆಳೆಯರು ಎಂಟು ಹತ್ತು ಮಂದಿ ಕೇಕೆ ಹಾಕುತ್ತ ತೊಟ್ಟಿಗೆ ಹತ್ತಿದರು. ಬಟ್ಟೆಯ ಟ್ರಂಕು, ಪಾತ್ರೆಗಳ ಚೀಲ ಮೇಲೇರಿದವು. ವರ ಹಿಂದಿನ ಕಾರಿನಲ್ಲಿ. ಹೊಳಲಿನ ಹತ್ತಿರ ಅವನನ್ನು ಪಿಕಪ್ಪಿಗೆ ಹತ್ತಿಸುವುದೆಂದು ಮಾತಾಗಿತ್ತು. ಗಾಡಿ ಕದಲಿತು, ನಿಂಬೆಹಣ್ಣು ಪಚಕ್ಕೆಂದವು. ಮುಂದಿನ ಗಾಲಿ ಚರಂಡಿಯ ಚಪ್ಪಡಿ ಇಳಿಯುವಾಗ ಕೆಳಗಿನಿಂದ ಒಂದು ಸದ್ದು ಬಂತು. ಟಕ್.

ಆ ಡೊಳ್ಳು, ಆ ಕೇಕೆಯ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಶಾಕ್ ಪೂರ್ತಿ ಕುಗ್ಗಿ ತಳ ಮುಟ್ಟಿತ್ತು. ರುದ್ರಪ್ಪನವರ ಹತ್ತಿರ ಓಡಿದೆ.

"ಅಣ್ಣಾರ, ಗಾಡಿ ನಿಲ್ಲಸ್ರಿ. ಮುಂದಿನ ಶಾಕ್ ಉದ್ದ ಆಗೇತಿ. ಬಿಚ್ಚಿ ಬಿಡತೀನಿ. ಶಾಕ್ ಇಲ್ಲದ ಹೋದ್ರೂ ಚಿಂತಿಲ್ಲ, ಕುಣಕೊಂತ ಹೋಕ್ಕತಿ."

"ನಿಂಬಿಹಣ್ಣು ತುಳಿಸಿ ಆತಲ್ಲೋ! ಮದಿವಿ ಗಾಡಿಗೆ ಈಗ ಜಾಕ್ ಹಚ್ಚತೀಯಾ? ತಲಿಗಿಲಿ ಕೆಟ್ಟೈತೇನು? ಸಾಹುಕಾರ್ರು ನಮ್ಮನ್ನ ಊರಾಗ ಇಟ್ಟಾರಾ?"

"ಹಂಗಾರ ಹಿಂದ ಕುಂತವರನ್ನರ ಇಳಸ್ರಿ."

"ನೀನ ಇಳಸು ಹೋಗು. ಅಳತಿ ತಪ್ಪೀನಿ ಅಂತ ಎಲ್ಲಾರ ಮುಂದ ಹೇಳಿ ಇಳಸು."

ಅಷ್ಟೇ ಸಾಕಾಯಿತು ನನ್ನ ಬಾಯಿ ಮುಚ್ಚಿಸಲು. ಸಾಹುಕಾರರು, ಅವರ ನೆಂಟರು, ಅರ್ಧ ಊರು ನಿಂತಿತ್ತು. ದಾರದ ಕೊಟ್ರಪ್ಪ ಅಳತೆ ತಪ್ಪಿದನೆಂದು ನಾನೇ ಕೂಗಿ ಹೇಳಬೇಕಿತ್ತು. ಇಂದಿಗೂ ರುದ್ರಪ್ಪನವರನ್ನು ಬೈಯುತ್ತೇನೆ, ಆದರೆ ಆ ನಾಲ್ಕು ಹೆಜ್ಜೆ ನಡೆಯದವನು ಅವರಲ್ಲ.

ಡೊಳ್ಳಿನವರು ದಾರಿ ಬಿಡಲೆಂದು ಗಾಡಿ ನಿಲ್ಲಿಸಿದ್ದ ದುರುಗಪ್ಪ ತಾನೇ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಕರೆದ. "ಕೊಟ್ರಣ್ಣ, ಮುಂದ ಏನೋ ಟಕ್ ಅಂತಲ್ಲ. ಏನರ ಐತೇನು?" ಅವನಿಗೂ ಕೇಳಿಸಿತ್ತು. ಅವನ ಮುಖ ನೋಡಿದೆ. ಹೇಳಿದ್ದರೆ ಅವನು ಕೀಲಿ ತೆಗೆದು ಇಳಿದುಬಿಡುತ್ತಿದ್ದ, ನನಗೆ ಗೊತ್ತು.

"ಹೊಸಾ ಶಾಕ್ ಅಲ್ಲೇನಲೇ, ಹೊಂದಿಕೋಬೇಕು. ನಾಕು ಮೈಲಿ ಹೋದ್ರ ಸರಿ ಆಕ್ಕತಿ. ಹೋಗು" ಅಂದೆ.

"ನೀ ಅಂದಮ್ಯಾಲ ಆತು ಬಿಡು" ಅಂದು ಹೊರಟ.

ಹಡಗಲಿ ರಸ್ತೆಯಲ್ಲಿ ಒಂದು ಊರಿನ ಮುಂದಿನ ರೋಡ್ ಹಂಪಿನ ಮೇಲೆ ಬಲಗಡೆಯ ಶಾಕ್ ಬ್ರಾಕೆಟ್ ಸಮೇತ ಕಿತ್ತು ಬಂತು. ಕೆಳಗೆ ಜೋತು ಬಿದ್ದು ಸ್ಟೇರಿಂಗ್ ರಾಡಿಗೆ ಸಿಕ್ಕಿಕೊಂಡಿತು. ಗಾಡಿ ತಿರುಗಿದ್ದು ತಿರುಗಿದಂತೆಯೇ ಮೋರಿಯ ಕಟ್ಟೆಗೆ ಹೊಡೆದು ಮಗ್ಗುಲಿಗೆ ಬಿತ್ತು. ಹಿಂದೆ ಕೂತವರಿಗೆ ತರಚು ಗಾಯ, ಒಬ್ಬನ ಕೈ ಮುರಿತ. ದುರುಗಪ್ಪನ ಬಲ ಮಂಡಿ ಪುಡಿಯಾಯಿತು.

ಗಾಡಿ ತರಲು ನಾನೇ ಹೋದೆ. ತೊಟ್ಟಿಯಲ್ಲಿ ಒಡೆದ ಬಾಟಲಿಗಳಿದ್ದವು. ಕುಡಿದವರು ವರನ ಗೆಳೆಯರು. ವಾಸನೆ ಗಾಡಿಗೆಲ್ಲ ಹಬ್ಬಿತ್ತು. ಅಷ್ಟರಲ್ಲೇ ಸಾಹುಕಾರರ ಕಡೆಯವರು, "ಡ್ರೈವರ್ ಕುಡದಿದ್ದ" ಅಂತ ಮಾತು ತೇಲಿಬಿಟ್ಟಿದ್ದರು. ಗೆಳೆಯರ ಮರ್ಯಾದೆ ಉಳಿಯಬೇಕಲ್ಲ! ಗಾಡಿ ನೋಡಲು ಬಂದ ಆರ್.ಟಿ.ಓ. ಇನ್ಸ್‌ಪೆಕ್ಟರ್ ಬಗ್ಗಿ ನೋಡಿ ನನ್ನನ್ನು ನೇರ ಕೇಳಿದರು: "ನೀವು ತಿಳಿದವರು, ಹೇಳ್ರಿ. ಈ ಶಾಕ್ ಬೀಳೋಕೆ ಮೊದಲು ಕಿತ್ತಿದ್ದೋ, ಬಿದ್ದಮೇಲೆ ಕಿತ್ತಿದ್ದೋ?" ರುದ್ರಪ್ಪ ನನ್ನ ಪಕ್ಕದಲ್ಲೇ ಇದ್ದರು. ಈ ಸಲ ಅಂಗಿ ಜಗ್ಗಲಿಲ್ಲ. ಜಗ್ಗುವ ಅಗತ್ಯವೇ ಬೀಳಲಿಲ್ಲ.

"ಬಿದ್ದಮ್ಯಾಲ ಕಿತ್ತೈತಿ ಸರ್" ಅಂದೆ.

ದಾವಣಗೆರೆಯ ಆಸ್ಪತ್ರೆಗೆ ಹೋದಾಗ ದುರುಗಪ್ಪನಿಗೆ ಪ್ರಜ್ಞೆ ಇರಲಿಲ್ಲ. ಹೊರಗೆ ಹೊನ್ನಮ್ಮ ಗೋಡೆಗೆ ಒರಗಿ ಕೂತಿದ್ದಳು. ನನ್ನ ಎರಡೂ ಕೈ ಹಿಡಿದಳು. "ಯಪ್ಪಾ ಮೇಸ್ತ್ರಿ, ನೀನು ಅವನ ಅಣ್ಣ ಇದ್ದಂಗ. ಖರೇ ಹೇಳು. ನನ್ನ ಮಗ ಕುಡದಿದ್ನಾ? ಎಲ್ಲಾರೂ ಅಂತಾರ. ನೀನು ಇಲ್ಲ ಅಂದ್ರ ಸಾಕು, ನಾನು ಬ್ಯಾರೆ ಯಾರ ಮಾತೂ ಕೇಳಂಗಿಲ್ಲ."

ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಹಾಗಾದರೆ ಗಾಡಿ ಯಾಕೆ ಬಿತ್ತು? ಆ ಪ್ರಶ್ನೆಗೆ ಹೆದರಿ ನಾನು, "ನನಗೇನು ಗೊತ್ತವ್ವಾ, ನಾನಲ್ಲಿ ಇರಲಿಲ್ಲಲ್ಲ" ಅಂದೆ. ಅವಳು ನನ್ನ ಕೈ ಬಿಟ್ಟಳು. ಥೂ ನನ್ನ ಜನ್ಮಕ್ಕೆ.

ಆಮೇಲೆ ಅವನಿಗೆ ಯಾರೂ ಗಾಡಿ ಕೊಡಲಿಲ್ಲ. ಮಂಡಿ ಮಡಚಲು ಬರುತ್ತಿರಲಿಲ್ಲ ಅನ್ನುವುದು ಒಂದು. ಕುಡುಕ ಡ್ರೈವರ್ ಅನ್ನುವ ಹೆಸರು ಇನ್ನೊಂದು. ಊರಿಗೆ ಹೋಗಿ ಕುಂಟುಗಾಲಿನಲ್ಲೇ ಕುರಿ ಹಿಂದೆ ನಡೆದ. ನನಗೇನೂ ಆಗಲಿಲ್ಲ. ಇನ್ನೂ ಹೆಚ್ಚು ಗಾಡಿ ಬಂದವು. ಶಾಕಿನ ನಂಬರ್ ಒತ್ತಿದರೆ ಅಳತೆಯೆಲ್ಲ ಹೇಳುವ ಕಂಪ್ಯೂಟರ್ ಅಂಗಡಿಗಳಿಗೆ ಬಂತು, ದಾರ ನೋಡಿ ನಗುವ ಕಾಲ ಬಂತು. ನನ್ನ ಬೆನ್ನು ಹೋಯಿತು, ಕಣ್ಣಿಗೆ ಪೊರೆ ಬಂತು, ಕಸುಬು ಬಿಟ್ಟೆ. ಆ ಕಿತ್ತುಬಂದ ಶಾಕನ್ನು ಮಾತ್ರ ಆವತ್ತೇ ಬಿಚ್ಚಿ ತಂದು ಮಂಚದ ಕೆಳಗೆ ಇಟ್ಟಿದ್ದೆ. ಗುಜರಿಗೂ ಹಾಕಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಕಸ ಗುಡಿಸುವಾಗ ಹೆಂಡತಿ ಕಸಬರಿಗೆಯಿಂದ ಅದನ್ನು ಆಚೆ ಸರಿಸುವಳು, ಈಚೆ ಸರಿಸುವಳು, ಯಾಕೆಂದು ಕೇಳುತ್ತಿರಲಿಲ್ಲ.

ಆ ಹುಡುಗಿ ಕೇಳಿದ ಎರಡು ದಿನಕ್ಕೆ ಶಾಕನ್ನು ಚೀಲದಲ್ಲಿ ಹಾಕಿಕೊಂಡು ಕೂಡ್ಲಿಗಿ ಬಸ್ ಹತ್ತಿದೆ. ದುರುಗಪ್ಪ ಊರ ಹೊರಗಿನ ಹಟ್ಟಿಯಲ್ಲಿ ಸಿಕ್ಕ. ತಲೆ ಪೂರ್ತಿ ಬೆಳ್ಳಗಾಗಿದೆ. ಚಾಪೆ ಹಾಸಿದ, ನೀರು ಕೊಟ್ಟ. ಶಾಕನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ. ಹಸಿ ಬಣ್ಣ, ಅಂದಾಜಿನ ಗಂಟು, ಟಕ್ ಅಂದದ್ದು, ಇನ್ಸ್‌ಪೆಕ್ಟರಿಗೆ ಹೇಳಿದ ಸುಳ್ಳು. ಅವನು ಶಾಕನ್ನು ಎತ್ತಿ, ಒಳಗೆ ಸೊಟ್ಟಗಾದ ರಾಡನ್ನು ಹೆಬ್ಬೆರಳಿನಿಂದ ಸವರಿದ.

"ಗೊತ್ತಿತ್ತು ಬಿಡಣ್ಣ" ಅಂದ. "ಸ್ಟೇರಿಂಗ್ ನನ್ನ ಕೈಯಾಗ ಇತ್ತು. ಅದು ಎಲ್ಲಿ ಸಿಕ್ಕೊಂಡು ನಿಂತಿತು ಅಂತ ನನಗ ತಿಳಿಯಂಗಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲೋ ಯಾರಿಗೂ?"

"ಹೇಳಿದೆ. ಕುಡದವನ ಮಾತು ಅಂದ್ರು. ನೀನು ಹೇಳಿದ್ರ ನಂಬತಿದ್ರು."

"ಈಗ ಹೇಳತೀನಿ. ಬರದು ಕೊಡತೀನಿ. ಅವ್ವ ಎಲ್ಲದಾಳ? ಮೊದಲು ಆಕೀಗೆ ಹೇಳತೀನಿ, ಕಾಲು ಹಿಡಕೊಂತೀನಿ."

ದುರುಗಪ್ಪ ಶಾಕನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟ.

"ಅವ್ವ ಹೋಗಿ ಒಂದು ವರ್ಷ ಆತು. ಸಾಯೋ ತನಕ ದಿನಾ ಸಂಜೀಕ ಕುರಿ ಹಟ್ಟಿಗೆ ಕೂಡಿ ಬಂದ ಕೂಡ್ಲೇ ನನ್ನ ಬಾಯಿ ಮೂಸಿ ನೋಡತಿದ್ಲು. ‘ಬಾಯಿ ತೆಗಿ’ ಅಂತಿದ್ಲು. ತೆಗಿತಿದ್ದೆ."